ಅಜ್ಜಿಯ ಮರಣಪತ್ರ

ಜನನ-ಮರಣ-ವಿವಾಹ ನೋಂದಣಿ ಕಚೇರಿಯ ಸಾಲಿನಲ್ಲಿ ನಿಂತಿದ್ದ ಒಬ್ಬ ಟೈಲರನ ಮುಂದೆ ಒಬ್ಬರು ಅಜ್ಜಿ, ಜೊತೆಗೆ ಅವರ ಮೊಮ್ಮಗಳು. ವಂಶವೃಕ್ಷ ಬರೆಯುವ ಹುಚ್ಚು ಹತ್ತಿಸಿಕೊಂಡಿದ್ದ ಹುಡುಗಿ ಅಜ್ಜಿಯ ಹೆಸರಿನಲ್ಲಿ ಇದ್ದಬದ್ದ ದಾಖಲೆಗೆಲ್ಲ ಅರ್ಜಿ ಹಾಕಿದ್ದಳು. ಗುಮಾಸ್ತ ಕಿಟಕಿಯಿಂದ ಪ್ರಮಾಣಪತ್ರಗಳನ್ನು ಚಾಚಿದ. ಟೈಲರನ ಕಿವಿ ತಾನಾಗಿಯೇ ಅತ್ತ ಹೊರಳಿತು.

“ಇದು ನಿನ್ನ ಜನನದ್ದು ಅಜ್ಜಿ. ಇದು ಮದುವೇದು. ಇದು ಮರಣದ್ದು.”

“ಯಾರದ್ದೇ?”

“ನಿಂದೇ.”

“ಸರಿಯಾಗಿ ನೋಡು. ನಾನಿನ್ನೂ ಸಾಲಲ್ಲಿ ನಿಂತಿದೀನಿ.”

“ಅದೇ ಹೆಸರು, ಅದೇ ಅಪ್ಪ ಅಮ್ಮ, ಹುಟ್ಟಿದ್ದೂ ಅದೇ ದಿನ. ಒಂಬತ್ತು ತಿಂಗಳಿಗೇ ಜ್ವರ ಬಂದು ಮಗು ತೀರಿಹೋಗಿದೆ.”

“ಹಾಗಿದ್ರೆ ನಾನ್ಯಾರು?”

“ಆ ಮಗು ಹೋದ್ಮೇಲೆ ನೀನು ಹುಟ್ಟಿರ್ಬೇಕು. ಅವಳ ಹೆಸರೇ ನಿನಗಿಟ್ಟು, ಶಾಲೆಗೂ ಅವಳ ಜನನಪತ್ರಾನೇ ಕೊಟ್ಟಿದಾರೆ. ನಿನ್ನದನ್ನ ಬರೆಸೇ ಇಲ್ಲ.”

“ಅಂದ್ರೆ ನಾನು ನಿಮ್ಮ ತಾತನಿಗಿಂತ ದೊಡ್ಡವಳಲ್ವಾ? ಜೀವನಪೂರ್ತಿ ದೊಡ್ಡವಳು ಅನ್ನೋ ಜರ್ಬಲ್ಲೇ ಅವರನ್ನ ಗದರಿಸಿದೀನಲ್ಲೇ.”

“ನೀನು ಯಾವಾಗ ಹುಟ್ಟಿದ್ದು ಅಂತ ಇನ್ನು ಗೊತ್ತಾಗಲ್ಲ ಅಜ್ಜಿ.”

ಅಜ್ಜಿ ಮರಣಪತ್ರವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

“ಅಮ್ಮ ನನ್ನ ಕೂಗಿದಾಗೆಲ್ಲ ಅವಳನ್ನೂ ಕೂಗ್ತಿದ್ಲಾ?”

ಮೊಮ್ಮಗಳು ಉಳಿದ ಪತ್ರಗಳನ್ನು ಮಡಚಿಟ್ಟುಕೊಂಡಳು. “ನಡಿ ಅಜ್ಜಿ, ಹಿಂದೆ ಜನ ಕಾಯ್ತಿದಾರೆ,” ಎಂದಳು.

“ನಿನ್ನ ವಂಶವೃಕ್ಷದಲ್ಲಿ ಅವಳನ್ನ ಮೊದಲು ಬರಿ, ದೊಡ್ಡಜ್ಜಿ ಅಂತ.”

“ಒಂಬತ್ತು ತಿಂಗಳ ದೊಡ್ಡಜ್ಜಿಯಾ?”

“ಹೂಂ. ಪಕ್ಕದಲ್ಲಿ ನಾನು. ನನ್ನ ಹುಟ್ಟಿದ ದಿನ ಖಾಲಿ ಬಿಡು. ಅದು ಅವಳದ್ದು.”

ಮಾತಾಡುತ್ತಲೇ ಇಬ್ಬರೂ ಬಾಗಿಲು ದಾಟಿದರು.