ಉತ್ತರ ಕೊಟ್ಟವರು ಯಾರು?

ಸಭೆಯ ಅಧ್ಯಕ್ಷರಾದ ಪ್ರಾಂಶುಪಾಲರೇ, ವೇದಿಕೆಯ ಗಣ್ಯರೇ, ಕಂಪ್ಯೂಟರ್ ವಿಭಾಗದ ಗಂಗಾಧರ್ ಸರ್ ಅವರೇ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದ ಬಸ್ಸು ಹಿಡಿದು ಕೋಲಾರಕ್ಕೆ ಬಂದಿರುವ ಪೋಷಕರೇ, ಸಭಿಕರೇ,

ನಾನು ಶೋಭಾರಾಣಿ, ಪ್ರಥಮ ವರ್ಷ. ಈ ವಾರ್ಷಿಕೋತ್ಸವದಲ್ಲಿ ನನಗೆ ಕೊಟ್ಟಿದ್ದು ಎರಡೇ ನಿಮಿಷ. ಆದರೆ ತಾಯಲೂರಿನ ಹಾಸ್ಟೆಲ್ ಕಂಪ್ಯೂಟರ್ ವಿಡಿಯೊದಲ್ಲಿ ಸಿಗುವವರೆಗೂ ಮಾತಾಡುತ್ತಲೇ ಇರು ಎಂದು ಸರ್ ಸನ್ನೆ ಮಾಡುತ್ತಿದ್ದಾರೆ. ಆ ಕಡೆ ನನ್ನ ತಂಗಿ ಚೈತನ್ಯ ಇದ್ದಾಳೆ. ಜೂನ್‌ನಲ್ಲಿ ಹಾಸ್ಟೆಲ್ ಸೇರಿದಾಗಿನಿಂದ ಒಮ್ಮೆಯೂ ನಮ್ಮ ಫೋನಿಗೆ ಬಂದಿಲ್ಲ. ಇವತ್ತು ಮಾತಾಡುತ್ತೇನೆ ಎಂದಿದ್ದಾಳಂತೆ.

ದೂರದ ಕಂಪ್ಯೂಟರ್ ಸಿಗುತ್ತದೆಯೋ ಇಲ್ಲವೋ ನೋಡುವ ಸಣ್ಣ ಪ್ರೋಗ್ರಾಂ ಒಂದನ್ನು ನಾನೂ ಕ್ಲಾಸ್‌ಮೇಟ್ ಕದಿರೇಶನೂ ಬರೆದೆವು. ಅದು "ಇದ್ದೀಯಾ?" ಎಂದು ಕೂಗುತ್ತದೆ. ಉತ್ತರ ಬಂದರೆ ಹಸಿರು, ಬಾರದಿದ್ದರೆ ಕೆಂಪು. ವಿಂಡೋಸ್, ಲಿನಕ್ಸ್ ಎರಡೂ ಬಗೆಯ ಕಂಪ್ಯೂಟರ್‌ಗಳಲ್ಲಿ ಅದು ಓಡಬೇಕು. ಒಂದು ದಿನ ತಾಯಲೂರಿನ ಕಂಪ್ಯೂಟರ್ ಆಫ್ ಆಗಿತ್ತು, ನಮಗೆ ಗೊತ್ತಿರಲಿಲ್ಲ. ನನ್ನ ಲಿನಕ್ಸ್‌ನಲ್ಲಿ ಕೆಂಪು, ಅವನ ವಿಂಡೋಸ್‌ನಲ್ಲಿ ಹಸಿರು! "ನಿನ್ ಲ್ಯಾಪ್‌ಟಾಪೂ ನಿನ್ನಂಗೇ ಅಳುಬುರುಕಿ ಕಣೇ," ಅಂದ ಕದಿರೇಶ. ಒಂದೇ ಪ್ರಶ್ನೆಗೆ ಎರಡು ಉತ್ತರ ಹೇಗೆ? ನನಗೆ ಊಟ ಸೇರಲಿಲ್ಲ.

ಕೊನೆಗೆ, ಬಂದ ಉತ್ತರವನ್ನು ಪೂರ್ತಿ ಓದಿದೆವು. ಉತ್ತರ ಬಂದಿತ್ತು, ನಿಜ. ಆದರೆ ತಾಯಲೂರಿನಿಂದಲ್ಲ. ದಾರಿಯಲ್ಲಿ ಸಂದೇಶ ದಾಟಿಸುವ ರೂಟರ್ ಎಂಬ ಪೆಟ್ಟಿಗೆ, "ಆ ಕಂಪ್ಯೂಟರ್ ಸಿಗುತ್ತಿಲ್ಲ" ಎಂದು ತಿಳಿಸಿತ್ತು. ವಿಂಡೋಸ್‌ನಲ್ಲಿ ಅದೂ ಉತ್ತರವೆಂದೇ ಲೆಕ್ಕ. ಯಾರೋ ಒಬ್ಬರು ಮಾತಾಡಿದರಲ್ಲ ಎಂದು ನಾವು ಹಸಿರು ಹಚ್ಚಿದ್ದೆವು! ಈಗ ನಮ್ಮ ಪ್ರೋಗ್ರಾಂ ಉತ್ತರ ಕೊಟ್ಟವರು ಯಾರು ಎಂದೂ ನೋಡುತ್ತದೆ.

ಇದರಲ್ಲೇನು ವಿಶೇಷ ಅಂತೀರಾ? ನಾನೂ ಐದನೇ ಕ್ಲಾಸಿನಿಂದ ಅದೇ ಹಾಸ್ಟೆಲಿನಲ್ಲಿ ಬೆಳೆದವಳು. ಅಮ್ಮ ವೇಮಗಲ್‌ನ ಫ್ಯಾಕ್ಟರಿಯಿಂದ ಬಂದು ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದರು. ವಾರ್ಡನ್ ಅಶ್ವತ್ಥಮ್ಮನವರು, ಒಳ್ಳೆಯವರೇ, "ಚೆನ್ನಾಗವ್ಳೆ ಕಣಮ್ಮ, ಎರಡ್ ಮುದ್ದೆ ತಿಂದ್ಳು" ಎನ್ನುತ್ತಿದ್ದರು. ಅಮ್ಮನಿಗೆ ಹಸಿರು. ನಾನು ಆಗ ಬಾತ್‌ರೂಮಿನಲ್ಲಿ, ಸದ್ದು ಕೇಳಿಸದಿರಲಿ ಎಂದು ನಲ್ಲಿ ತಿರುಗಿಸಿಕೊಂಡು... ಇದನ್ನು ನಾನು ಬರೆದುಕೊಂಡು ಬಂದಿರಲಿಲ್ಲ. ಅಮ್ಮ, ಏಳಬೇಡ, ಕೂತ್ಕೋ. ಅದೆಲ್ಲ ಮುಗಿದುಹೋಯ್ತು.

ಚೈತನ್ಯಳ ಬಗ್ಗೆಯೂ ಈಗ ಅದೇ ಎರಡು ಮುದ್ದೆಯ ಉತ್ತರ ಬರುತ್ತಿದೆ. ಸಭಿಕರೇ, ನನ್ನ ತಂಗಿ ಮುದ್ದೆ ಮುಟ್ಟುವವಳೇ ಅಲ್ಲ.

ಪರದೆ ನೋಡಿ, ಹಸಿರು! ಕದಿರೇಶ, ಅಡ್ರೆಸ್ ಯಾವ್ದೋ? ತಾಯಲೂರಿನದೇ ಅಂತೆ. ಚಿತ್ರವೂ ಬಂತು. ಎರಡು ಜಡೆ, ಊದಿದ ಮುಖ. ಅವಳೇ.

ಅಮ್ಮ, ಬಾ, ಮೈಕ್ ತಗೋ. ಅವಳ ಪಕ್ಕದಲ್ಲಿರುವ ಅಶ್ವತ್ಥಮ್ಮನವರೇ, ದಯವಿಟ್ಟು ಇವತ್ತು ನೀವು ಉತ್ತರ ಕೊಡಬೇಡಿ. ನನ್ನ ಎರಡು ನಿಮಿಷವನ್ನು ಇಷ್ಟುದ್ದ ಸಹಿಸಿದ ತಮಗೆಲ್ಲ ಥ್ಯಾಂಕ್ಸ್. ಅವಳು ಬಾಯಿ ಬಿಡುವವರೆಗೂ ನಾವೆಲ್ಲ ಸುಮ್ಮನಿರೋಣ. ನಮಸ್ಕಾರ.