ಒಂಬತ್ತನೇ ಗುಳಿಯ ಸಾಕ್ಷಿ

2016ರ ಮಾರ್ಚಿನಲ್ಲಿ ಅಬುಧಾಬಿಗೆ ಬಂದ ಆ ಮಳೆಯನ್ನು ಕಂಡವರು ಮರೆತಿರಲಾರರು. ಟೂರಿಸ್ಟ್ ಕ್ಲಬ್ ಏರಿಯಾದ ರಸ್ತೆಗಳಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಆಲ್ಫೋನ್ಸ್ ಅಂಕಲ್ ಮರುದಿನ ಊರಿಗೆ ಹೊರಡುವವರಿದ್ದರು. ಅವರನ್ನು ಬೀಳ್ಕೊಡಲೆಂದು ಅವರ ಮಗಳು ಜೋಯ್ಲಿನ್ ಮನೆಗೆ ಊಟಕ್ಕೆ ಹೋಗಿದ್ದ ನಾನು ಸಂಜೆಯಾದರೂ ಅಲ್ಲಿಂದ ಹೊರಬೀಳಲಾಗದೆ ಕುಳಿತಿದ್ದೆ.

ನನ್ನ ಹೆಸರು ಶಹೀರ್. ಅಬುಧಾಬಿ ದಾಟಿ ದುಬೈ ದಾರಿಯಲ್ಲಿ ಸ್ವಲ್ಪ ದೂರ ಹೋದರೆ ಸಿಗುವ ಕಡಲ ಬದಿಯ ಪುಟ್ಟ ಗಾಲ್ಫ್ ಕ್ಲಬ್ಬಿನಲ್ಲಿ ಆಲ್ಫೋನ್ಸ್ ಅಂಕಲ್ ಮೂವತ್ತೊಂದು ವರ್ಷ ಅಡುಗೆಮನೆ ಮತ್ತು ಬೀಗದ ಕೈ ನೋಡಿಕೊಂಡವರು. ಅವರ ಜಾಗಕ್ಕೆ ನಾನು ಬಂದು ಹತ್ತು ದಿನವಾಗಿತ್ತಷ್ಟೆ. ನನ್ನ ಅಪ್ಪ ಅಹ್ಮದ್ ಕುಂಞಿಯೂ ಅದೇ ಕ್ಲಬ್ಬಿನಲ್ಲಿ ಆಟದ ಮೈದಾನ ನೋಡಿಕೊಳ್ಳುತ್ತಿದ್ದು, ಐದು ವರ್ಷದ ಹಿಂದೆ ಅಲ್ಲೇ ತೀರಿಕೊಂಡವರು. ನಾನು ಅವರ ಮಗನೆಂದು ಅಂಕಲ್‌ಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಆ ಹತ್ತು ದಿನಗಳಲ್ಲಿ ನನ್ನ ಕಿವಿಗೆ ಒಂದು ಮಾತು ಪದೇಪದೇ ಬಿದ್ದಿತ್ತು. ಯಾರಾದರೂ ನಂಬಲಾಗದ್ದು ಹೇಳಿದರೆ ಮೆಂಬರುಗಳು "ಇದು ಕುಂಞಿಯ ಇಪ್ಪತ್ತಾರು" ಎಂದು ಜೋರಾಗಿ ನಗುತ್ತಿದ್ದರು.

ಆ ಸಂಜೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಅಂಕಲ್, ನನ್ನ ಅಪ್ಪ ಸುಳ್ಳು ಹೇಳಿದ್ರಾ?"

ಅಂಕಲ್ ಚಾ ಲೋಟವನ್ನು ಟೀಪಾಯಿಯ ಮೇಲೆ ಕುಕ್ಕಿದರು. ಜೋಯ್ಲಿನ್ ಅಡುಗೆಮನೆಯಿಂದ ಇಣುಕಿದಳು. ಅವಳ ಗಂಡ ಕೆವಿನ್ ರಿಮೋಟ್ ಕೆಳಗಿಟ್ಟ. ಅವರ ಮಗಳು, ಹತ್ತು ವರ್ಷದ ಸ್ಟೇಸಿ, ಸೋಫಾದ ಮೇಲೆ ಕಾಲು ಮಡಚಿ ಕುಳಿತಳು.

"ಆ ಟೀವಿ ಬಂದ್ ಮಾಡು ಕೆವಿನ್," ಎಂದು ಅಂಕಲ್ ಶುರುಮಾಡಿದರು. " ಎಂತ ನೋಡ್ಲಿಕ್ಕುಂಟು ಅದ್ರಲ್ಲಿ, ಹೊರಗೆ ಕಾಣುವ ಮಳೆಯೇ ಅಲ್ವಾ? ಸ್ಟೇಸಿ, ಹೆದರಿಕೆ ಆದ್ರೆ ಮಮ್ಮಿ ಹತ್ರ ಹೋಗು, ಮತ್ತೆ ರಾತ್ರಿ ನನ್ನನ್ನು ಎಬ್ಬಿಸ್ಲಿಕ್ಕಿಲ್ಲ. ಶಹೀರ್, ನೀನು ಸುಮ್ನೆ ಕೇಳು, ಮಧ್ಯೆ ಬಾಯಿ ಹಾಕ್ಬೇಡ.

"ಗಾಲ್ಫ್ ಅಂದ್ರೆ ನೀವೆಲ್ಲ ಎಂತ ತಿಳ್ಕೊಂಡದ್ದು? ಹಸಿರು ಹುಲ್ಲು, ಮಧ್ಯ ಒಂದು ಕೆರೆ, ಕೆರೆಯಲ್ಲಿ ಕಾರಂಜಿ, ಓಡಾಡ್ಲಿಕ್ಕೆ ಆಟಿಕೆಯ ಹಾಗಿನ ಗಾಡಿ... ಅದಲ್ಲ ಮಾರಾಯ್ರೇ. ನಮ್ಮದು ಹಿಂದೆ ಎಣ್ಣೆ ಕಂಪೆನಿಗೆ ಬಂದ ಸ್ಕಾಟ್ಲೆಂಡಿನ ಇಂಜಿನಿಯರುಗಳು ಊರು ನೆನಪಾಗಿ ಕಡಲ ಬದಿಯಲ್ಲಿ ಮಾಡಿದ ಜಾಗ. ಅವರ ಊರಲ್ಲಿ ಹಳೇ ಕಾಲದ ಗಾಲ್ಫ್ ಹಾಗೇ ಅಂತೆ, ಮರ ಇಲ್ಲ, ಮರೆ ಇಲ್ಲ, ಒಂದು ಬದಿ ಸಮುದ್ರ, ಇನ್ನೊಂದು ಬದಿ ದಿಣ್ಣೆ, ನೆತ್ತಿಯ ಮೇಲೆ ಗಾಳಿ. ಒಂಬತ್ತೇ ಗುಳಿ. ನಾಲ್ಕು ಗುಳಿ ಗಾಳಿಯ ಜೊತೆ ಕಡಲಂಚಲ್ಲೇ ಹೋಗುದು, ಐದು ಗುಳಿ ಗಾಳಿಗೆ ಎದೆ ಕೊಟ್ಟು ವಾಪಸ್ ಬರುದು. ಹುಲ್ಲು ಎಲ್ಲಿಂದ ಬರ್ಬೇಕು? ಎಲ್ಲ ಮರಳು. ಹೊಡೀಲಿಕ್ಕೆ ಒಂದು ತುಂಡು ಚಾಪೆ ಕೈಯಲ್ಲಿ ಹಿಡ್ಕೊಂಡು ಹೋಗ್ಬೇಕು. ಗುಳಿಯ ಸುತ್ತ ಮಾತ್ರ ಮರಳಿಗೆ ಎಣ್ಣೆ ಕಲಸಿ ರೋಲರ್ ಎಳೆದು ನುಣ್ಣಗೆ ಮಾಡಿದ್ದು, ಅದಕ್ಕೆ ಬ್ರೌನ್ ಅಂತ ಹೇಳುದು. ನಿಮ್ಮದು ಆಡಿ ಆದ ಮೇಲೆ ಹಗ್ಗ ಕಟ್ಟಿದ ಚಾಪೆ ಎಳೆದು ನಿಮ್ಮ ಹೆಜ್ಜೆ ನೀವೇ ಅಳಿಸಿ ಹೋಗ್ಬೇಕು, ಹಿಂದಿನವನಿಗೆ ಚೊಕ್ಕ ಜಾಗ ಸಿಗ್ಬೇಕಲ್ವಾ? ಅದು ಅಲ್ಲಿಯ ಮರ್ಯಾದೆ.

"ಒಂದೊಂದು ಗುಳಿಗೆ ಮೂರು ಹೊಡೆತ ಲೆಕ್ಕ. ಇಪ್ಪತ್ತೇಳರಲ್ಲಿ ಮುಗಿಸಿದ್ರೆ ನೀವು ಭಾರೀ ಆಟಗಾರ. ಸಣ್ಣ ಜಾಗ ಅಂತ ತಮಾಷೆ ಮಾಡ್ಕೊಂಡು ಬಂದ ಎಷ್ಟು ಜನ ದೊಡ್ಡ ದೊಡ್ಡವ್ರು, ಚೆಂಡನ್ನು ಆಕಾಶಕ್ಕೆ ಹೊಡೆದು, ಗಾಳಿ ಅದನ್ನು ಎತ್ಕೊಂಡು ಹೋಗಿ ಸಮುದ್ರಕ್ಕೆ ಬಿಸಾಡಿದ ಮೇಲೆ, ಮುಖ ಸಣ್ಣ ಮಾಡಿ ನನ್ನ ಹತ್ರ ಚಾ ಕುಡಿದು ಹೋಗಿದ್ದಾರೆ ಗೊತ್ತುಂಟಾ? ಇಪ್ಪತ್ತೇಳಕ್ಕಿಂತ ಕಡಿಮೆ ಯಾರೂ ಮಾಡಿದ್ದಿಲ್ಲ.

"ಆದ್ರೆ ಅಹ್ಮದ್ ಕುಂಞಿ ಆಡುದು ನೋಡ್ಬೇಕಿತ್ತು ನೀವು... ಸೈಬಾ! ಅವನ ಹತ್ರ ಒಂದೇ ಕೋಲು, ಮೆಂಬರೊಬ್ಬ ಬಿಸಾಡಿದ್ದು. ಕಾಲಿಗೆ ಬೂಟಿಲ್ಲ, ಬರಿಗಾಲು. ಉಚ್ಚಿಲದ ಕಡಲ ಬದಿಯಲ್ಲಿ ಬೆಳೆದವ, ಗಾಳಿ ಯಾವ ಕಡೆಯಿಂದ ಅಂತ ಅವನ ಕಿವಿಗೇ ಗೊತ್ತಾಗ್ತಿತ್ತು. ಚೆಂಡನ್ನು ಮೇಲೆ ಬಿಡ್ತಿರ್ಲೇ ಇಲ್ಲ. ಮೊಣಕಾಲೆತ್ತರದಲ್ಲಿ ಹೊರಟು, ನೆಲಕ್ಕೆ ಬಿದ್ದು, ದಿಣ್ಣೆ ಹತ್ತಿ ಇಳಿದು, ಮನೆಗೆ ಬರುವ ದನದ ಹಾಗೆ ಸೀದಾ ಗುಳಿಯ ಹತ್ರ ಬಂದು ನಿಲ್ತಿತ್ತು. ನಾನು ಕೋಳಿ ಸುಡುದು ಬಿಟ್ಟು ಕಿಟಕಿಯಲ್ಲಿ ನೋಡ್ತಾ ನಿಂತು ಎಷ್ಟು ಸಲ ಬೈಸಿಕೊಂಡಿದ್ದೇನೆ! ಇನ್ನೊಂದು ಅಭ್ಯಾಸ ಅವನದ್ದು. ಪೆನ್ಸಿಲ್ ಮುಟ್ಟುದಿಲ್ಲ, ಒಂದೊಂದು ಗುಳಿ ಮುಗಿದ ಮೇಲೆ ಬ್ರೌನಿನ ಪಕ್ಕ ಮರಳಲ್ಲಿ ಬೆರಳಿಂದ ಗೆರೆ ಎಳೆಯುದು. ಮೂರು ಹೊಡೆದ್ರೆ ಮೂರು ಗೆರೆ.

"ನಮ್ಮಂತ ಕೆಲಸದವ್ರಿಗೆ ಆಡ್ಲಿಕ್ಕೆ ಶುಕ್ರವಾರ ಬೆಳಿಗ್ಗೆ ಏಳರ ಒಳಗೆ ಮಾತ್ರ ಬಿಡುದು. ಆಡಿದ್ದು ಲೆಕ್ಕಕ್ಕೆ ಸಿಗ್ಬೇಕಾದ್ರೆ ಮಾರ್ಕರ್ ಬೇಕು. ಮಾರ್ಕರ್ ಅಂದ್ರೆ ಸಾಕ್ಷಿ. ಮೊದಲ ಗುಳಿಯಿಂದ ಕಡೇ ಗುಳಿಯವರೆಗೆ ಜೊತೆ ನಡೆದು, ಪ್ರತಿ ಹೊಡೆತ ಕಣ್ಣಾರೆ ನೋಡಿ, ಕಾರ್ಡಿನಲ್ಲಿ ಬರೆದು ಸೈನ್ ಹಾಕ್ಬೇಕು. ಆಡಿದವನೂ ಹಾಕ್ಬೇಕು. ಎರಡು ಸೈನ್ ಇಲ್ಲದಿದ್ರೆ ಖಲಾಸ್, ಆಡಿಯೇ ಇಲ್ಲ ಅಂತ ಲೆಕ್ಕ.

"ಹನ್ನೊಂದನೇ ಇಸವಿ ಜನವರಿಯ ಒಂದು ಶುಕ್ರವಾರ ನಾನೇ ಅವನ ಮಾರ್ಕರ್. ಎಂಟು ಗುಳಿ ಆಗುವಾಗ ಇಪ್ಪತ್ನಾಲ್ಕು. ಒಂಬತ್ತನೇದಕ್ಕೆ ನಿಂತಿದ್ದಾನೆ, ಎದುರು ಗಾಳಿ... ಅಷ್ಟರಲ್ಲಿ ಕ್ಲಬ್ಬಿನ ಬಾಗಿಲಲ್ಲಿ ಗಲಾಟೆ. ಮೆಂಬರುಗಳು ಬೇಗ ಬಂದಿದ್ದಾರೆ, ಬೀಗ ತೆಗ್ದಿಲ್ಲ, ಕೀ ನನ್ನ ಕಿಸೆಯಲ್ಲಿ! ನಾನು ಓಡಿದೆ. ಓಡ್ಬಾರ್ದಿತ್ತು, ಆದ್ರೆ ಓಡಿದೆ. ಹತ್ತು ನಿಮಿಷದಲ್ಲಿ ಅವ ಬಂದ. ಮುಖದಲ್ಲಿ ಮದುವೆ ಕಳೆ. ಅವ ನನ್ನನ್ನು ಕರೆಯುದೇ ಪೊರ್ಬು ಅಂತ. 'ಪೊರ್ಬೂ, ಎರಡೇ ಹೊಡೆತ! ಇಪ್ಪತ್ತಾರು!' ಅಂದ. ಮೆಂಬರುಗಳ ಜೊತೆ ಇದ್ದ ಕ್ಲಬ್ಬಿನ ಸೆಕ್ರೆಟರಿ ನನ್ನ ಕಡೆ ತಿರುಗಿ, ನೀನು ನೋಡಿದ್ಯಾ ಅಂತ ಕೇಳಿದ. ನಾನು ಎಂತ ಹೇಳ್ಬೇಕು? ಒಂಬತ್ತನೇದು ನೋಡ್ಲಿಲ್ಲ ಸರ್, ಅಂದೆ. ನಿಜವೇ ಅಲ್ವಾ? ಆದ್ರೆ ಆ ನಿಜ ಹೇಳಿದ ಬಾಯಿ ನನಗೆ ಇವತ್ತಿಗೂ ಸುಡ್ತದೆ. ಎಲ್ಲರೂ ನಗಾಡಿದ್ರು. ಮೈದಾನ ಗುಡಿಸುವವ ಇಪ್ಪತ್ತಾರಂತೆ, ಅಂತ.

"ಅವನಿಗೆ ಸಿಟ್ಟು ಬಂತಾ? ಇಲ್ಲ. ನನ್ನ ಭುಜಕ್ಕೆ ಕೈ ಹಾಕಿ, 'ನೀನು ಸರಿ ಹೇಳಿದ್ದು ಪೊರ್ಬೂ, ಕಾಣದ್ದಕ್ಕೆ ಸೈನ್ ಹಾಕ್ಬಾರ್ದು. ಬರುವ ಶುಕ್ರವಾರ ಪುನಃ ಆಡ್ತೇನೆ, ಪೂರ್ತಿ ಬಾ' ಅಂದ. ಮಂಗಳವಾರ ಮಧ್ಯಾಹ್ನ ರೋಲರ್ ಎಳೀತಾ ಎದೆ ಹಿಡ್ಕೊಂಡು ಕೂತವ ಏಳ್ಲಿಲ್ಲ. ಗುರುವಾರ ಮಯ್ಯತ್ ಊರಿಗೆ ಕಳಿಸಿದ್ವಿ."

ಕಿಟಕಿಯ ಗಾಜಿಗೆ ಮಳೆ ರಪರಪ ಬಡಿಯುತ್ತಿತ್ತು. ಜೋಯ್ಲಿನ್ ಬಂದು ನನ್ನ ಪಕ್ಕ ಕುಳಿತಳು.

"ಮರುದಿನ ಶುಕ್ರವಾರ. ಮಂಜು ಅಂದ್ರೆ ಮಂಜು, ಬಾಗಿಲಲ್ಲಿ ನಿಂತ್ರೆ ಒಂದನೇ ಗುಳಿ ಕಾಣುದಿಲ್ಲ. ಆರು ಗಂಟೆಗೆ ಬಾಗಿಲು ತೆಗೀತಾ ಇದ್ದೇನೆ, ಒಂದನೇ ಗುಳಿಯ ಕಡೆಯಿಂದ... ಟಕ್. ಆ ಸದ್ದು ಗುರುತು ಹಿಡೀಲಿಕ್ಕೆ ನನಗೆ ಕಣ್ಣು ಬೇಕಾ? ಹೋದೆ. ಯಾರೂ ಇಲ್ಲ. ಚೆಂಡು ಉಂಟು, ಮೊಣಕಾಲೆತ್ತರದಲ್ಲಿ ಹೋಗ್ತಾ ಉಂಟು. ಅದರ ಹಿಂದೆ ಮರಳಲ್ಲಿ ಒಂದೊಂದಾಗಿ ಹೆಜ್ಜೆ ಮೂಡ್ತಾ ಉಂಟು, ಬರಿಗಾಲಿನ ಹೆಜ್ಜೆ, ಎಡಗಾಲು ಸ್ವಲ್ಪ ಹೊರಗೆ, ಕುಂಞಿ ನಡೆಯುವ ಹಾಗೆಯೇ. ಓಡ್ಬೇಕು ಅಂತ ಕಂಡಿತು... ಆದ್ರೆ ಒಮ್ಮೆ ಓಡಿದ್ದೇ ಸಾಕಲ್ವಾ? ಕಿಸೆಯಿಂದ ಕಾರ್ಡ್ ತೆಗ್ದೆ, ಹಿಂದೆ ನಡೆದೆ.

"ಅವತ್ತು ಇಪ್ಪತ್ತೊಂಬತ್ತು. ಬರೆದೆ, ಸೈನ್ ಹಾಕಿದೆ, ಕಾರ್ಡನ್ನು ಬ್ರೌನಿನ ಪಕ್ಕ ಇಟ್ಟೆ. ಎತ್ತಿ ನೋಡುವಾಗ ಆಟಗಾರನ ಜಾಗದಲ್ಲಿ ಎಣ್ಣೆ ಹತ್ತಿದ ಹೆಬ್ಬೆಟ್ಟು! ಅಂದಿನಿಂದ ಐದು ಚಳಿಗಾಲ, ಮಂಜು ಬಿದ್ದ ಒಂದು ಶುಕ್ರವಾರವೂ ಅವ ತಪ್ಪಿಸ್ಲಿಲ್ಲ, ನಾನೂ ತಪ್ಪಿಸ್ಲಿಲ್ಲ. ಮೂವತ್ತು, ಇಪ್ಪತ್ತೆಂಟು, ಇಪ್ಪತ್ತೇಳು... ಇಪ್ಪತ್ತಾರು ಮಾತ್ರ ಆಗುದಿಲ್ಲ. ಬೇಕಾದ್ರೆ ಚೆಂಡನ್ನು ಬೆರಳಲ್ಲಿ ಒಂಚೂರು ನೂಕಿದ್ರೆ ಮುಗೀತು, ಸತ್ತವನ ಕೈ ಯಾರಿಗೆ ಕಾಣ್ತದೆ? ನೂಕ್ಲಿಲ್ಲ. ಒಂದು ದಿನವೂ ನೂಕ್ಲಿಲ್ಲ."

"ಗ್ರ್ಯಾಂಪಾ, ಈಸ್ ಇಟ್ ಟ್ರೂ?" ಎಂದಳು ಸ್ಟೇಸಿ, ಅಮ್ಮನ ತೋಳು ಹಿಡಿದುಕೊಂಡು.

"ಸುಮ್ನಿರು ಮಗಾ, ಮುಖ್ಯದ್ದು ಈಗ ಬರುದು. ಹೋದ ಶುಕ್ರವಾರ. ನನ್ನ ಕಡೇ ಶುಕ್ರವಾರ ಅಂತ ಅವನಿಗೂ ಗೊತ್ತಿತ್ತೋ ಏನೋ, ಎಂತ ಆಟ ಮಾರಾಯ್ರೇ! ಏಳನೇದ್ರಲ್ಲಿ ಚೆಂಡು ಒಂದು ಮುಳ್ಳುಗಿಡದ ಬುಡಕ್ಕೆ ಹೋಯ್ತು, ಅಲ್ಲಿಂದಲೂ ತೆಗ್ದು ಮೂರರಲ್ಲಿ ಮುಗಿಸಿದ. ಒಂಬತ್ತನೇ ಗುಳಿಗೆ ಚೆಂಡು ಬೀಳುವಾಗ ನನ್ನ ಲೆಕ್ಕ ಇಪ್ಪತ್ತಾರು. ಕಣ್ಣಾರೆ ಕಂಡ ಇಪ್ಪತ್ತಾರು! ನಾನು ಅಲ್ಲೇ ಮೊಣಕಾಲೂರಿ ಅತ್ತೆ. ಬರೆದೆ, ಸೈನ್ ಹಾಕಿದೆ, ಕಾರ್ಡ್ ಇಟ್ಟೆ. ಹೆಬ್ಬೆಟ್ಟು ಬರ್ಲಿಲ್ಲ. ಹೆಜ್ಜೆ ಹಿಂದೆ ತಿರುಗಿತು. ಎಲ್ಲಿಗೆ ಹೋಗ್ತಾನೆ ಇವ ಅಂತ ನಾನೂ ಹೋದೆ. ಏಳನೇ ಗುಳಿಗೆ ಹೋಗಿ ನಿಂತಿತು. ಅಲ್ಲಿ ಮರಳಲ್ಲಿ ಮೂರಲ್ಲ, ನಾಲ್ಕು ಗೆರೆ.

"ಎಂತ ಅಂತ ಗೊತ್ತಾಯ್ತಾ? ಮುಳ್ಳುಗಿಡದ ಬುಡದಲ್ಲಿ ಕೋಲು ಇಡುವಾಗ ಚೆಂಡು ಒಂದು ಉಗುರಿನಷ್ಟು ಅಲುಗಿದೆ. ಹಾಗೆ ಅಲುಗಿದ್ರೆ ಆಡುವವನೇ ತನಗೆ ಒಂದು ಹೊಡೆತ ಹೆಚ್ಚು ಹಾಕ್ಕೊಳ್ಬೇಕು. ನಾನು ಕಂಡಿರ್ಲಿಲ್ಲ. ನನಗೆ ಸಿಟ್ಟು ಬಂತು, ಕಿರುಚಿದೆ. 'ಏ ಬ್ಯಾರೀ, ನಿನಗೆ ತಲೆ ಸರಿ ಉಂಟಾ? ನೀನು ಹೇಳದಿದ್ರೆ ಯಾರಿಗೆ ಗೊತ್ತಾಗ್ತಿತ್ತು? ಐದು ವರ್ಷದಿಂದ ಇದಕ್ಕೇ ಅಲ್ವಾ ನೀನು ಮಣ್ಣಲ್ಲಿ ಮಲಗದೆ ಬರುದು? ಹಾಕು ಹೆಬ್ಬೆಟ್ಟು, ಹೋಗು ಆರಾಮಲ್ಲಿ!' ಎಂತ ಮಾಡಿದ ಹೇಳಿ? ಆ ನಾಲ್ಕನೇ ಗೆರೆಯ ಮೇಲೆ ಬೆರಳು ಬಂತು... ಮೆಲ್ಲ, ಮೇಲಿಂದ ಕೆಳಗೆ... ಇನ್ನಷ್ಟು ಆಳ ಮಾಡಿತು.

"ನಾನು ಕಾರ್ಡಿನಲ್ಲಿ ಏಳನೇದ್ರ ಮೂರನ್ನು ಹೊಡೆದುಹಾಕಿ ನಾಲ್ಕು ಅಂತ ಬರೆದೆ. ಇಪ್ಪತ್ತೇಳು. ಹೆಬ್ಬೆಟ್ಟು ಬಿತ್ತು."

ಅಂಕಲ್ ನನ್ನ ಕಡೆಗೆ ತಿರುಗಿದರು. ಅವರ ಕಣ್ಣು ಒದ್ದೆಯಾಗಿತ್ತು, ನನ್ನದೂ.

"ನಿನ್ನ ಅಪ್ಪ ಸುಳ್ಳು ಹೇಳಿದ್ರಾ ಅಂತ ಕೇಳಿದ್ಯಲ್ಲ ಶಹೀರ್? ಸತ್ತ ಮೇಲೂ ಒಂದು ಹೊಡೆತ ಮುಚ್ಚಿಡದವ ಬದುಕಿರುವಾಗ ಮುಚ್ಚಿಡ್ತಾನಾ? ಅಂತ ಮನುಷ್ಯನ ಹಿಂದೆ ನಡೆದದ್ದು ನನ್ನ ಭಾಗ್ಯ. ಆದ್ರೆ ನನ್ನ ಮಾತನ್ನು ಆ ಮೆಂಬರುಗಳು ನಂಬ್ತಾರಾ? ಅವರಿಗೆ ಕಾರ್ಡೇ ಬೇಕು, ಅವನಿಗೂ ಕಾರ್ಡೇ ಬೇಕು. ನಾಳೆ ನಾನು ಹೋಗ್ತೇನೆ, ವೀಸಾ ಮುಗೀತು. ಮಾರ್ಕರ್ ಇಲ್ಲದೆ ಅವ ಎಷ್ಟು ಆಡಿದ್ರೂ ಎಂತ ಪ್ರಯೋಜನ? ಅದಕ್ಕೆ ಹೋದ ಶುಕ್ರವಾರ ಅವನಿಗೆ ನಿನ್ನ ಹೆಸರು ಹೇಳಿದೆ."

"ಅಂಕಲ್, ನನಗೆ ಗಾಲ್ಫ್ ಬರುದಿಲ್ಲ" ಎಂದೆ.

"ನೀನು ಆಡ್ಲಿಕ್ಕಿಲ್ಲ, ನೋಡಿದ್ರೆ ಸಾಕು. ಕಣ್ಣು ಮಿಟುಕಿಸದೆ ನೋಡು. ಅಪ್ಪ ಅಂತ ಪ್ರೀತಿಯಲ್ಲಿ ಒಂದು ಹೊಡೆತ ಕಡಿಮೆ ಬರೀಬೇಡ, ಬರೆದ್ರೆ ಅವ ಹೆಬ್ಬೆಟ್ಟು ಒತ್ತುದಿಲ್ಲ. ನಿನ್ನ ಹೆಸರು ಹೇಳಿದಾಗ ಅವ ಒಪ್ಪಿದ್ನೋ ಇಲ್ವೋ ಅಂತ ನನಗೂ ಸಂಶಯ ಇತ್ತು... ಸೋಮವಾರದವರೆಗೆ. ಸೋಮವಾರ ನಿನಗೆ ಬ್ರೌನ್ ತೋರಿಸ್ಲಿಕ್ಕೆ ಕರ್ಕೊಂಡು ಹೋಗಿದ್ದೆ, ನೆನಪುಂಟಾ? ನಾವು ಹೋದದ್ದು ಇಬ್ಬರು. ನೀನು ಫೋನಿನಲ್ಲಿ ಮಾತಾಡ್ತಾ ಮುಂದೆ ಹೋದೆ. ನಾನು ಹಿಂದೆ ನಿಂತು ಚಾಪೆ ಎಳೆದು ಅಳಿಸಿದ್ದು ಮೂರು ಜನರ ಹೆಜ್ಜೆ. ಒಂದು ನನ್ನದು, ಒಂದು ನಿನ್ನದು. ಮೂರನೇದು ನಿನ್ನ ಪಕ್ಕದಲ್ಲೇ ಇತ್ತು ಮಗಾ, ಭುಜಕ್ಕೆ ಕೈ ಹಾಕಿ ನಡೆಯುವಷ್ಟು ಹತ್ರ."