ಗಿರಣಿಯ ಮುಂದೆ ತುಂಬಿದ ಹನ್ನೊಂದು ಫಾರಂ

ಮಾನ್ಯ ಅಧ್ಯಕ್ಷರೇ, ನನ್ನ ಪುಸ್ತಕವನ್ನು ಈಗತಾನೇ ಬಿಡುಗಡೆ ಮಾಡಿದ ಅತಿಥಿಗಳೇ, ಭಾನುವಾರದ ನಿದ್ದೆ ಬಿಟ್ಟು ಇಂದಿರಾನಗರದವರೆಗೆ ಬಂದಿರುವ ಸಭಿಕರೇ,

ಇಪ್ಪತ್ತು ವರ್ಷ ಜನರನ್ನು ಪ್ರಶ್ನೆ ಕೇಳಿಯೇ ಸಂಬಳ ತೆಗೆದುಕೊಂಡವಳು ನಾನು. ಇವತ್ತು ನೀವು ಕೇಳದಿದ್ದರೂ ಉತ್ತರ ಹೇಳಿಬಿಡುತ್ತೇನೆ! ತೊಂಬತ್ತರ ದಶಕದಲ್ಲಿ ಸಮೀಕ್ಷೆಯೆಂದರೆ ಏನಿತ್ತು? ಶಿವಾಜಿನಗರದಲ್ಲಿ ಅಚ್ಚು ಹಾಕಿಸಿದ ಫಾರಂಗಳ ಹೊರೆ, ಪೆನ್ಸಿಲ್ಲು, ಸವೆದ ಚಪ್ಪಲಿ. 2006ರಲ್ಲಿ ಮೊಬೈಲಿನಲ್ಲೇ ಫಾರಂ ತುಂಬಿಸುವ ವ್ಯವಸ್ಥೆ ಬಂದಾಗ ಕುಣಿದಾಡಿಬಿಟ್ಟೆ. ಪ್ರತಿ ಸಂದರ್ಶನ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು, ಎಲ್ಲವನ್ನೂ ಫೋನೇ ಬರೆದುಕೊಳ್ಳುತ್ತಿತ್ತು. ಇನ್ನು ಯಾರೂ ಸುಳ್ಳು ಫಾರಂ ತುಂಬಲಾರರು ಎಂದು ದೊಮ್ಮಲೂರಿನ ನಮ್ಮ ಕಚೇರಿಯಲ್ಲಿ ಮೇಜು ಕುಟ್ಟಿ ಹೇಳಿದ್ದೆ.

ಮೊದಲ ವಾರವೇ ಸಿಕ್ಕಿಬಿದ್ದವರು ಮನೆಮನೆಗೆ ಹೋಗಿ ಫಾರಂ ತುಂಬುತ್ತಿದ್ದ ನಮ್ಮ ಆಂಜನಮ್ಮ. ಕೆ.ಆರ್. ಪುರದಲ್ಲಿ ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ಕೇಳಿಕೊಂಡು ಬಂದಿದ್ದರು. ಹನ್ನೊಂದು ಮನೆಯ ಫಾರಂ. ಒಂದು ಮುಗಿದ ನಿಮಿಷಕ್ಕೇ ಇನ್ನೊಂದು ಶುರು! ಮನೆಯಿಂದ ಮನೆಗೆ ಹಾರಿಕೊಂಡು ಹೋದರೇ? ಕೂತಲ್ಲೇ ಸುಳ್ಳು ಬರೆದಿದ್ದೀರಿ ಎಂದು ಎಲ್ಲರೆದುರು ಬೈದೆ, ಕೆಲಸದಿಂದ ತೆಗೆದೆ.

"ಕೂತಲ್ಲೇ ಕೇಳಿದ್ದು ನಿಜ ಮೇಡಂ, ಗಿರಣಿ ಮುಂದೆ. ಯಾಕೆ ಅಂತ ಒಂದ್ಸಲ ನೀವೇ ಹೋಗಿ ನೋಡ್ಬಿಟ್ಟು ಬನ್ನಿ" ಎಂದು ಫೋನು ಮೇಜಿನ ಮೇಲಿಟ್ಟು ಹೋದರು.

ಹೋದೆ. ಅವರ ತಪ್ಪು ಸಾಬೀತು ಮಾಡಲೆಂದೇ ಹೋದೆ! ಮೊದಲ ಮನೆಯಲ್ಲಿ ಸೊಸೆ ಶಾಂತಕುಮಾರಿಯನ್ನು ಕೇಳಿದರೆ ಅತ್ತೆ ಉತ್ತರ ಕೊಟ್ಟರು: "ಅವಳಿಗೇನಾಗೈತೆ? ಗುಂಡ್ಕಲ್ಲು ಇದ್ದಂಗವ್ಳೆ." ಎರಡನೇ ಮನೆಯಲ್ಲೂ ಅತ್ತೆ, ಮೂರನೆಯದರಲ್ಲಿ ಗಂಡ. ಸಂಜೆ ಹಿಟ್ಟಿನ ಗಿರಣಿಯ ಮುಂದೆ ರಾಗಿ ಡಬ್ಬ ಹಿಡಿದು ಸರದಿ ಕಾಯುತ್ತಿದ್ದ ಅದೇ ಶಾಂತಕುಮಾರಿ ನನ್ನ ಕಿವಿಗೇ ಬಾಯಿಟ್ಟು, "ಆ ಅಕ್ಕಂಗೆ ಹೇಳಿದ್ನಲ್ಲ ಮೇಡಂ, ಎರಡು ತಿಂಗಳಿಂದ ರಕ್ತ ಹೋಗೋದು ನಿಂತಿಲ್ಲ. ಮನೇಲಿ ಹೆಂಗೆ ಹೇಳ್ಲಿ?" ಎಂದಳು. ಗಿರಣಿಯ ಆ ಸದ್ದಿನಲ್ಲಿ ಪಕ್ಕದವರಿಗೂ ಕೇಳಿಸಲಿಲ್ಲ. ಉಳಿದ ಹತ್ತು ಹೆಂಗಸರನ್ನೂ ಆ ಸರದಿಯಲ್ಲೇ ಕೇಳಿದೆ. ಹನ್ನೊಂದು ಫಾರಮ್ಮೂ ಅಪ್ಪಟ ನಿಜ!

ಆಂಜನಮ್ಮನವರನ್ನು ಮತ್ತೆ ಕೆಲಸಕ್ಕೆ ಕರೆದೆ. ಕ್ಷಮೆ ಕೇಳಿದೆನೇ? ಇಲ್ಲ. ಮನೆಯ ಹೊರಗೆ, ಸದ್ದಿರುವ ಕಡೆ ಕೇಳಬೇಕೆಂದು ಲೇಖನ ಬರೆದೆ, ಆಮೇಲೆ ಈ ಪುಸ್ತಕ. ಅತಿಥಿಗಳು ಈಗಷ್ಟೇ ಆ ಉಪಾಯಕ್ಕೆ ನನ್ನ ಹೆಸರಿಟ್ಟು ಮೂರು ಸಲ 'ಗೌತಮಿ ವಿಧಾನ' ಎಂದು ಹೊಗಳಿದರು, ಮೂರು ಸಲವೂ ತಲೆದೂಗಿದೆ. ಆಂಜನಮ್ಮನವರ ಹೆಸರೆಲ್ಲಿದೆ? ಕೃತಜ್ಞತೆಯ ಪುಟದಲ್ಲಿ, 'ಹಾಗೂ ಇತರರು' ಎಂಬಲ್ಲಿ.

ಆ ಇತರರು ಮೂರನೇ ಸಾಲಿನಲ್ಲಿ ಕೂತಿದ್ದಾರೆ. ತಲೆ ತಗ್ಗಿಸಬೇಡಿ ಆಂಜನಮ್ಮನವರೇ. ಎಲ್ಲರೆದುರು ಬೈದಿದ್ದೆ, ಎಲ್ಲರೆದುರೇ ಹೇಳುತ್ತೇನೆ: ಸುಳ್ಳು ಬರೆದವಳು ನಾನು. ತಪ್ಪಾಯಿತು.

ಸಭಿಕರೇ, ಹೊರಗೆ ಪುಸ್ತಕ ಮಾರಾಟಕ್ಕಿದೆ. ಕೊಂಡವರು ಮುಖಪುಟದಲ್ಲಿರುವ ನನ್ನ ಹೆಸರಿನ ಮೇಲೆಯೇ ಆಂಜನಮ್ಮನವರ ಸಹಿ ಹಾಕಿಸಿಕೊಳ್ಳಿ. ಇಷ್ಟು ಹೊತ್ತು ಕೇಳಿಸಿಕೊಂಡಿದ್ದಕ್ಕೆ ನಿಮಗೆಲ್ಲ ವಂದನೆ, ನಮಸ್ಕಾರ.